ಗ್ರಹಣದ ನೀರು

ನನ್ನ ಅತ್ತೆಯವರ ಬಾಯಲ್ಲಿ ‘ಜಾಣಿ’ ಎಂಬ ಒಂದು ಮಾತಿತ್ತು. ಅದನ್ನು ಅವರು ಸುಮ್ಮನೆ ಹಂಚುತ್ತಿರಲಿಲ್ಲ. ತಮ್ಮ ಸ್ವಂತ ಅಕ್ಕನಿಗೆ ಒಮ್ಮೆ ಕೊಟ್ಟು, ಮುಂದೆ ಜಗಳವಾದಾಗ ವಾಪಸು ತೆಗೆದುಕೊಂಡಿದ್ದರಂತೆ. ಮದುವೆಯಾಗಿ ಆ ಮನೆಗೆ ಬಂದಾಗಿನಿಂದ ನಾನು ಆ ಮಾತಿಗಾಗಿ ಕಾದಿದ್ದೆ. ಧಾರವಾಡದಲ್ಲಿ ಸಿಗಲಿಲ್ಲ. ನಮ್ಮವರಿಗೆ ವಿಮಾ ಕಚೇರಿಯಲ್ಲಿ ಕೆಲಸ. ವಡೋದರಾಕ್ಕೆ ವರ್ಗವಾಯಿತು, ಅಲ್ಲೂ ಸಿಗಲಿಲ್ಲ. ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಸೂರತ್ತಿಗೆ ಬಂದೆವು. ಅಲ್ಲಿ ಆ ಮಾತು ನಮ್ಮ ಮನೆಯಲ್ಲಿ ಹೊತ್ತು ಗೊತ್ತಿಲ್ಲದೆ ಕೇಳಿಸತೊಡಗಿತು. ಆದರೆ ನನ್ನ ಬಗ್ಗೆ ಅಲ್ಲ, ಮೇಲಿನ ಮನೆಯಾಕೆಯ ಬಗ್ಗೆ.

ತಾಪಿ ನದಿಗೆ ಹತ್ತಿರದ ಒಂದು ಓಣಿಯಲ್ಲಿ ನಮ್ಮದು ಕೆಳಗಿನ ಮನೆ. ಬಾಡಿಗೆ ಮಾತಾಡುವಾಗ ಮಾಲೀಕರು ಗೋಡೆಯ ಮೇಲೆ ನನ್ನ ಎದೆಯ ಮಟ್ಟದಲ್ಲಿದ್ದ ಒಂದು ಕಂದು ಗೆರೆಯನ್ನು ತೋರಿಸಿ, “ಪಾಣಿ ಅಹೀಂ ಸುಧಿ ಆವೇಲುಂ” ಅಂದಿದ್ದರು. ನೀರು ಇಲ್ಲಿಯವರೆಗೆ ಬಂದಿತ್ತು ಎಂದು. ಮನೆಗೆ ದೊಡ್ಡವರು ಯಾರೋ ಬಂದು ಹೋದದ್ದನ್ನು ಹೇಳುವ ಹಾಗಿತ್ತು ಅವರ ದನಿ. ನಾವು ಬರಗಾಲದ ಸೀಮೆಯವರು, ನಕ್ಕು ಮುಂಗಡ ಕೊಟ್ಟೆವು. ನಮ್ಮ ಕಡೆ ಕೆರೆ ತುಂಬಿದರೆ ಬಾಗಿನ ಕೊಟ್ಟು ಬರುತ್ತಾರೆ. ನೀರನ್ನು ಕಂಡು ಹೆದರಬೇಕೆಂದು ನಮಗೆ ಯಾರೂ ಕಲಿಸಿರಲಿಲ್ಲ.

ಮೇಲಿನಾಕೆ ಉಡುಪಿ ಕಡೆಯವಳು. ಆಕೆಯ ಗಂಡ ಸ್ಟೇಷನ್ ಹತ್ತಿರ ಹೋಟೆಲು ನಡೆಸುತ್ತಿದ್ದರು. ವಯಸ್ಸಿನಲ್ಲಿ ನನಗೂ ಆಕೆಗೂ ಹೆಚ್ಚು ಕಡಿಮೆ ಇರಲಿಲ್ಲ, ಅದೇ ನನ್ನ ಸಂಕಟ. ಹತ್ತು ವರ್ಷ ದೊಡ್ಡವಳಾಗಿದ್ದರೆ ‘ಅನುಭವ ಅದ’ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಬೇಸಿಗೆ ಮುಗಿಯುವ ಮೊದಲೇ ಆಕೆಯ ತಯಾರಿ ಶುರು. ಅವಲಕ್ಕಿ ಡಬ್ಬಿ, ಬೆಲ್ಲದ ಡಬ್ಬಿ, ಹಲಸಿನ ಹಪ್ಪಳ, ಉಪ್ಪಿನಕಾಯಿ ಭರಣಿ, ಹುರಿದು ಬೀಸಿದ ಹಿಟ್ಟು. ಬೆಂಕಿಪೊಟ್ಟಣಗಳನ್ನು ಅಕ್ಕಿಯ ಡಬ್ಬಿಯೊಳಗೆ ಹೂತಿಡುತ್ತಿದ್ದಳು, ತಂಪು ಹಿಡಿಯಬಾರದೆಂದು. ಬಾಗಿಲ ಹಿಂದೆ ಒಂದು ದಪ್ಪ ಹಗ್ಗ. ಮೂಲೆಯಲ್ಲಿ ಸೊಂಟದೆತ್ತರದ ಸ್ಟೀಲಿನ ಡ್ರಮ್ಮು, ಅದರ ತುಂಬ ಕುಡಿಯುವ ನೀರು, ಮೇಲೆ ಬಿಳಿ ಬಟ್ಟೆ ಕಟ್ಟಿ ಮುಚ್ಚಳ. ತನ್ನ ಊರಿನಲ್ಲಿ ಮಳೆ ಹಿಡಿಯಿತೆಂದರೆ ತಿಂಗಳುಗಟ್ಟಲೆ ಯಾರೂ ಮನೆಯಿಂದ ಹೊರಗೆ ಕಾಲಿಡುವುದಿಲ್ಲ, ಹಾಗಾಗಿ ಇದೆಲ್ಲ ಕೈಗೆ ಬಂದ ರೂಢಿ ಎಂದು ಆಕೆ ಹೇಳುತ್ತಿದ್ದಳು. ಅದನ್ನೂ ಹೆಚ್ಚುಗಾರಿಕೆ ಇಲ್ಲದೆ ಹೇಳುತ್ತಿದ್ದಳು. ಹೆಚ್ಚುಗಾರಿಕೆ ತೋರಿಸಿದ್ದರೆ ಬೈಯಲಿಕ್ಕಾದರೂ ಒಂದು ನೆಪ ಸಿಗುತ್ತಿತ್ತು.

ಅತ್ತೆಯವರು ಮಧ್ಯಾಹ್ನದ ಚಹಾಕ್ಕೆ ಮೇಲೆ ಹೋಗಿ ಇವನ್ನೆಲ್ಲ ನೋಡಿಕೊಂಡು ಇಳಿಯುತ್ತಿದ್ದರು.

“ಅಕಿನ್ನ ನೋಡಿ ಕಲಿ,” ಅನ್ನುವರು. “ಒಂದು ಊರು ಮಂದಿ ಬಂದ್ರೂ ಉಣ್ಣಿಸ್ತಾಳ. ಜಾಣಿ!”

“ನಮ್ಮ ಮನ್ಯಾಗೂ ಎಲ್ಲಾ ಅದ ಅಲ್ರಿ, ಅತ್ಯಾ.”

“ಅದ, ಅದ. ಎಲ್ಲೆ ಅದ ಅಂತ ನಿನಗ ಗೊತ್ತಿಲ್ಲ, ಅಷ್ಟ.”

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರೆ. ನಾನು ಹಿತ್ತಲ ಗಿಡ. ರಾತ್ರಿ ಅವರ ಕಾಲೊತ್ತುವವಳು ನಾನು, ಅವರ ಕಣ್ಣಿಗೆ ಔಷಧಿ ಹಾಕುವವಳು ನಾನು, ಅವರಿಗೆ ಬೇಕೆಂದು ಸೂರತ್ತಿನ ಪೇಟೆಯಲ್ಲಿ ಬಿಳಿಜೋಳ ಹುಡುಕಿ ತರುವವಳು ನಾನು. ಹೊಗಳಿಕೆ ಮಾತ್ರ ಮೆಟ್ಟಿಲು ಹತ್ತಿ ಮೇಲೆ ಹೋಗುತ್ತಿತ್ತು. ನನ್ನ ಹೊಟ್ಟೆ ಉರಿಯುತ್ತಿತ್ತು. ಇವತ್ತಿಗೂ ಅದನ್ನು ನೆನೆದರೆ ಒಂದು ಕಿಡಿ ಹಾರುತ್ತದೆ, ಸುಳ್ಳು ಯಾಕೆ ಹೇಳಲಿ.

ಎರಡನೆಯ ವರ್ಷದ ಮಳೆಗಾಲಕ್ಕೆ ನಾನೂ ಸೊಂಟ ಕಟ್ಟಿದೆ. ಪ್ರವಾಹಕ್ಕಲ್ಲ, ಮೇಲಿನಾಕೆಯನ್ನು ಮೀರಿಸಲಿಕ್ಕೆ. ಆಕೆಯ ಹತ್ತಿರ ಅವಲಕ್ಕಿ ಇದ್ದರೆ ನನ್ನ ಹತ್ತಿರ ಖಡಕ್ ರೊಟ್ಟಿ ಇಲ್ಲವೇ? ತೆಳ್ಳಗೆ ಬಡಿದು, ಸುಟ್ಟು, ಒಣಗಿಸಿಟ್ಟರೆ ತಿಂಗಳಾನುಗಟ್ಟಲೆ ಕೆಡದ ನಮ್ಮ ಜೋಳದ ರೊಟ್ಟಿ. ಬೆಂಕಿ ಬೇಡ, ನೀರು ಬೇಡ, ಮುರಿದು ಶೇಂಗಾ ಚಟ್ನಿ ಹಚ್ಚಿಕೊಂಡರೆ ಊಟ. ಕೈ ಕೆಂಪಾಗುವವರೆಗೆ ರೊಟ್ಟಿ ಬಡಿದು, ಬಿಳಿ ಧೋತರದಲ್ಲಿ ಗಂಟು ಕಟ್ಟಿ ಅಟ್ಟಕ್ಕೇರಿಸಿದೆ. ಚಿಮಣಿ ಎಣ್ಣೆಯ ಡಬ್ಬಿ, ಮೇಣದಬತ್ತಿ, ಬ್ಯಾಟರಿ ತಂದಿಟ್ಟೆ. ತವರಿನಿಂದ ಬಂದ ತಾಮ್ರದ ಹಂಡೆ, ಎರಡು ಹಿತ್ತಾಳೆ ಕೊಡ, ಬಕೀಟು, ಪಾತೇಲಿ, ಕಡೆಗೆ ಕುಕ್ಕರಿನಲ್ಲೂ ನೀರು ತುಂಬಿಟ್ಟೆ. ಅತ್ತೆಯವರು ಅದರ ನಡುವೆ ಸೀರೆ ಎತ್ತಿ ಹಿಡಿದು ಓಡಾಡುತ್ತ, “ತಂಗಳ ನೀರು ಯಾರು ಕುಡೀತಾರ?” ಅಂದರು. ಅವರು ನಿನ್ನೆಯ ನೀರನ್ನು ಎಂದೂ ಕುಡಿದವರಲ್ಲ. ನೀರು ಬರಲಿ ಎಂದು ಮನಸ್ಸಿನಲ್ಲೇ ಅಂದುಕೊಂಡೆ. ಹೌದು, ಹಾಗೇ ಅಂದುಕೊಂಡೆ. ನನ್ನ ರೊಟ್ಟಿಯ ಗಂಟು ಬಿಚ್ಚುವ ಹೊತ್ತು ಬರಲಿ ಎಂದು.

ಬಂತು. ಶ್ರಾವಣದ ಹುಣ್ಣಿಮೆ ಹತ್ತಿರವಿತ್ತು. ಸೂರತ್ತಿನಲ್ಲಿ ಮಳೆ ಇರಲಿಲ್ಲ, ಬಿಸಿಲು ಕಾಯುತ್ತಿತ್ತು. ಆದರೆ ನದಿ ಹರಿದು ಬರುವ ಖಾನದೇಶದ ಕಡೆ ಜಡಿದು ಹೊಯ್ಯುತ್ತಿದೆ, ನದಿ ಏರುತ್ತಿದೆ ಎಂದು ಓಣಿಯ ಹೆಂಗಸರು ಮಾತಾಡಿಕೊಳ್ಳುತ್ತಿದ್ದರು. ಹುಣ್ಣಿಮೆಯ ದಿನ ಸಮುದ್ರದ ಉಬ್ಬರ ಬೇರೆ. ಹೊಳೆಯ ನೀರನ್ನು ಒಳಗೆ ಬಿಟ್ಟುಕೊಳ್ಳದೆ ಊರ ಕಡೆಗೇ ತಳ್ಳುತ್ತದಂತೆ. ನಮ್ಮವರು ಕಚೇರಿ ಕೆಲಸಕ್ಕೆಂದು ವಡೋದರಾಕ್ಕೆ ಹೋದವರು ಅಲ್ಲೇ ಉಳಿದಿದ್ದರು. ಮನೆಯಲ್ಲಿ ನಾನು ಮತ್ತು ಅತ್ತೆಯವರು, ಇಬ್ಬರೇ.

ಆ ಹುಣ್ಣಿಮೆಗೇ ಚಂದ್ರಗ್ರಹಣವೂ ಬಂದಿತ್ತು. ಚಂದ್ರ ಹುಟ್ಟುವಾಗಲೇ ಗ್ರಹಣ ಹಿಡಿದಿತ್ತು.

ಅತ್ತೆಯವರು ಮಡಿ ಮೈಲಿಗೆಗಳನ್ನು ಬಹುಪಾಲು ಧಾರವಾಡದ ಸ್ಟೇಷನ್ನಿನಲ್ಲೇ ಬಿಟ್ಟು ರೈಲು ಹತ್ತಿದವರು. ಗ್ರಹಣ ಒಂದನ್ನು ಮಾತ್ರ ಬಿಟ್ಟಿರಲಿಲ್ಲ. ಅವರ ಲೆಕ್ಕದಲ್ಲಿ ಉಪ್ಪಿನಕಾಯಿ, ರೊಟ್ಟಿ, ಹಿಟ್ಟುಗಳಿಗೆ ದರ್ಭೆಯ ಒಂದು ಎಸಳು ಇಟ್ಟರೆ ಸಾಕು. ನೀರಿಗೆ ಸಾಲದು. ನೀರು ಎಲ್ಲವನ್ನೂ ಹೀರಿಕೊಳ್ಳುತ್ತದೆ; ಗ್ರಹಣ ಬಿಟ್ಟ ಮೇಲೆ ತುಂಬಿದ ನೀರನ್ನೆಲ್ಲ ಚೆಲ್ಲಿ, ಪಾತ್ರೆ ತೊಳೆದು ಹೊಸದು ತುಂಬಬೇಕು. ಸಂಜೆಯ ನಲ್ಲಿ ಗ್ರಹಣದ ಹೊತ್ತಿನಲ್ಲೇ ಬಂದು ಹೋಗಿತ್ತು. ಗ್ರಹಣ ಬಿಟ್ಟಿತು, ಇಬ್ಬರೂ ಸ್ನಾನ ಮಾಡಿದೆವು. ಒದ್ದೆ ಕೂದಲು ಒರೆಸಿಕೊಳ್ಳುತ್ತಲೇ ಅವರು ಅಂದರು:

“ನೀರು ಚೆಲ್ಲು.”

“ಅತ್ಯಾ, ಊರಾಗ ಎಲ್ಲಾರೂ ಹೊಳಿ ಬರ್ತದ ಅಂತ ಹೆದರ್ಯಾರ. ಇದೊಂದು ಹಂಡೇರೆ ಇರ್ಲಿ.”

“ಹುಚ್ಚಿ! ಹೊಳೀನ ಮನಿ ಮುಂದ ಬರೂದಾದ್ರ ನೀರಿಗೇನು ಬರಗಾಲ? ಮುಂಜಾನೆ ನಳ ಬರ್ತದ. ಚೆಲ್ಲು.”

ಬರಗಾಲದ ಸೀಮೆಯವರು ಮಾತ್ರ ಆಡಬಹುದಾದ ಮಾತು ಅದು. ನಾನೂ ಆ ಸೀಮೆಯವಳೇ, ನನಗೂ ಅದು ಸರಿ ಎಂದೇ ಕೇಳಿಸಿತು. ಮೇಲಾಗಿ ಅವರು ಹೇಳಿದ್ದನ್ನು ಮಾಡಿದರೆ ಎಂದಾದರೊಂದು ದಿನ ಆ ಮಾತು ನನ್ನ ಕಡೆ ಉದುರೀತು ಎಂಬ ಆಸೆ. ಹಂಡೆ ವಾಲಿಸಿದೆ, ಕೊಡ ಬಗ್ಗಿಸಿದೆ, ಕುಕ್ಕರನ್ನೂ ಬಿಡಲಿಲ್ಲ. ವಾರವಿಡೀ ಕೂಡಿಟ್ಟ ನೀರು ಬಚ್ಚಲಿನಿಂದ ಹೊರಟು ಓಣಿಯ ಗಟಾರ ಸೇರಿತು.

ಮುಂಜಾನೆ ನಲ್ಲಿ ಗೊರ ಗೊರ ಎಂದು ಸದ್ದು ಮಾಡಿ ಸುಮ್ಮನಾಯಿತು. ಬಾಗಿಲು ತೆರೆದರೆ ಓಣಿಯ ಕೊನೆಯಲ್ಲಿ ಚಹಾದ ಬಣ್ಣದ ನೀರು, ಯಾವ ಗಡಿಬಿಡಿಯೂ ಇಲ್ಲದೆ ನಮ್ಮ ಕಡೆಗೆ ಬರುತ್ತಿತ್ತು. ಮೇಲಿನಾಕೆ ಮೆಟ್ಟಿಲ ಮೇಲೆ ನಿಂತು ಕೂಗಿದಳು:

“ಅಮ್ಮನನ್ನು ಮೊದಲು ಕರ್ಕೊಂಡು ಬನ್ನಿ ಮಾರಾಯ್ರೆ! ಸಾಮಾನು ಆಮೇಲೆ ನೋಡುವಾ.”

ಆಕೆಯ ಗಂಡ ಹೋಟೆಲಿನಲ್ಲೇ ಸಿಕ್ಕಿಬಿದ್ದಿದ್ದರು. ನಾವಿಬ್ಬರು ಹೆಂಗಸರೇ ಆ ದಪ್ಪ ಹಗ್ಗವನ್ನು ಮೆಟ್ಟಿಲ ಕಟಕಟೆಗೆ ಕಟ್ಟಿ, ಅತ್ತೆಯವರನ್ನು ಹತ್ತಿಸಿದೆವು. ಹಾಸಿಗೆ, ಟ್ರಂಕು, ದೇವರ ಪೆಟ್ಟಿಗೆ ಮೇಲೆ ಹೋದವು. ನಾನು ಕಡೆಯ ಸಲ ಇಳಿದಾಗ ನೀರು ಮೊಣಕಾಲಿಗಿತ್ತು. ಅಟ್ಟದಿಂದ ರೊಟ್ಟಿಯ ಗಂಟನ್ನು ಇಳಿಸಿ, ತಲೆಯ ಮೇಲಿಟ್ಟುಕೊಂಡು ಹತ್ತಿದೆ. ಖಾಲಿ ಹಂಡೆ ಕೆಳಗೆ ತೇಲುತ್ತ ಗೋಡೆಗೆ ಬಡಿಯುವ ಸದ್ದು ಕೇಳುತ್ತಿತ್ತು.

“ನೀರು ತುಂಬಿಟ್ಟಿದ್ರಲ್ಲ, ಅದು?” ಎಂದು ಕೇಳಿದಳು ಮೇಲಿನಾಕೆ.

“ಗ್ರಹಣ ಬಿಟ್ಟ ಮ್ಯಾಲೆ ಚೆಲ್ಲಿದ್ವಿ.”

“ಅಯ್ಯೋ! ತುಳಸಿ ಎಲೆ ಹಾಕಿದ್ರೆ ಸಾಕಿತ್ತಲ್ವಾ? ನಾನು ಹಾಕಿಟ್ಟಿದ್ದೇನೆ. ಡ್ರಮ್ಮು ತುಂಬ ಉಂಟು, ಹೆದರ್ಬೇಡಿ.”

ಮತ್ತೆ ಆಕೆಯ ಹತ್ತಿರ ಉಂಟು, ನನ್ನ ಹತ್ತಿರ ಇಲ್ಲ. ನನಗೆ ಕಣ್ಣಲ್ಲಿ ನೀರು ಬಂತು. ಪ್ರವಾಹದ ಭಯದಿಂದ ಎಂದು ತಿಳಿದು ಆಕೆ ನನ್ನ ಬೆನ್ನು ಸವರಿದಳು. ಆ ಕೈಯನ್ನು ಕೊಡವಿ ಹಾಕಬೇಕು ಅನ್ನಿಸಿತು.

ಹೊತ್ತು ಏರಿದಾಗ ಆಕೆ ಅವಲಕ್ಕಿ ಕಲಸಲು ಹೊರಟಳು. ನಾನು ಅಡ್ಡ ಬಂದೆ. “ಅತ್ಯಾಗ ರೊಟ್ಟಿನ ಆಗಬೇಕು” ಎಂದು ಗಂಟು ಬಿಚ್ಚಿದೆ. ಇಷ್ಟು ದಿನ ಕಾದ ಹೊತ್ತು ಅದು. ಈ ಒಂದು ಊಟವಾದರೂ ಅತ್ತೆಯವರು ಆಕೆಯ ಕೈಯಿಂದ ಉಣ್ಣಬಾರದು, ನನ್ನ ಕೈಯಿಂದ ಉಣ್ಣಬೇಕು. ರೊಟ್ಟಿ ಕಟಕಟ ಮುರಿದವು, ಒಂದೂ ಮೆತ್ತಗಾಗಿರಲಿಲ್ಲ. ಶೇಂಗಾ ಚಟ್ನಿಗೆ ಖಾರ ಎಂದಿಗಿಂತ ಒಂದು ಹಿಡಿ ಹೆಚ್ಚೇ ಹಾಕಿದ್ದೆ. ಅತ್ತೆಯವರು ಎರಡು ರೊಟ್ಟಿ ತಿಂದರು. “ಛಲೋ ಉಳದಾವ” ಅಂದರು. ನನ್ನ ಕಿವಿ ನಿಮಿರಿತು. ಮುಂದಿನ ಮಾತು ಬರುತ್ತದೆ ಎಂದು ಅವರ ತುಟಿಯನ್ನೇ ನೋಡುತ್ತ ಕೂತೆ.

ಬಂದದ್ದು ಬಿಕ್ಕಳಿಕೆ.

ಖಡಕ್ ರೊಟ್ಟಿ, ಮೇಲೆ ಆ ಖಾರದ ಚಟ್ನಿ. ಬೆಂಕಿ ಬಿದ್ದಾಗ ಬಾವಿ ತೋಡುವುದು ಒಂದು ರೀತಿ; ನಾನು ಇದ್ದ ಬಾವಿ ಮುಚ್ಚಿ ಬೆಂಕಿ ಹಚ್ಚಿದ್ದೆ. ಮೇಲಿನಾಕೆ ತಂಬಿಗೆಯಲ್ಲಿ ನೀರು ತಂದಳು. ಅತ್ತೆಯವರು ಕೈ ಅಡ್ಡ ಹಿಡಿದರು.

“ಗ್ರಹಣದ್ದಲ್ಲೇನು ಅದು?”

“ತುಳಸಿ ಹಾಕಿದ್ದೇನೆ ಅಮ್ಮ.”

“ಒಲ್ಲೆ ನಮ್ಮವ್ವ. ನೀವಿಬ್ರೂ ಕುಡೀರಿ. ನಾ ಸಂಜೀಮಟ ತಡೀತೀನಿ.”

ನನಗೆ ಮೊದಲು ಆದದ್ದು ಸಂತೋಷ. ಆಕೆಯ ನೀರನ್ನು ಬೇಡ ಅಂದರಲ್ಲ! ಅಷ್ಟು ದಿನದ ಹೊಗಳಿಕೆ, ಸೊಂಟದೆತ್ತರದ ಡ್ರಮ್ಮು, ಬಿಳಿ ಬಟ್ಟೆ, ಎಲ್ಲ ಆ ಒಂದು ತಂಬಿಗೆಯಲ್ಲಿ ಮುಳುಗಿತು ಅಂದುಕೊಂಡೆ. ಮಧ್ಯಾಹ್ನವಾಯಿತು. ಕೆಳಗೆ ಗೋಡೆಯ ಕಂದು ಗೆರೆಗೆ ನೀರು ಮುಟ್ಟಿತ್ತು. ತಾರಸಿಯ ಮೇಲೆ ಹರವಿದ್ದ ನಮ್ಮ ಒದ್ದೆ ಸೀರೆಗಳು ಆಗಲೇ ಒಣಗಿ ಗರಿಗರಿಯಾಗಿದ್ದವು. ಅತ್ತೆಯವರು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಕೆಳಗೆ ಹರಿಯುವ ನೀರನ್ನು ನೋಡುತ್ತಿದ್ದರು. ಅವರ ತುಟಿ ಒಣಗಿ ಬಿಳಿಚಿತ್ತು. ಬಿಕ್ಕಳಿಕೆ ನಿಂತಿರಲಿಲ್ಲ, ಒಂದೊಂದು ಬಿಕ್ಕಳಿಕೆಗೂ ಆ ಮುದಿ ಮೈ ಕುರ್ಚಿಯಲ್ಲಿ ಎಗರುತ್ತಿತ್ತು. ಚಹಾ ಕೊಟ್ಟರೆ ಅದೂ ಅದೇ ನೀರು ಎಂದು ಬೇಡ ಅಂದರು. ಮಾತಾಡಿಸಿದರೆ ತಡವಾಗಿ ಉತ್ತರ ಬರತೊಡಗಿತು. ನನ್ನ ಸಂತೋಷ ಎಲ್ಲಿ ಹೋಯಿತೋ. ಅವರಿಗೆ ಏನಾದರೂ ಆದರೆ ನಮ್ಮವರಿಗೆ ಏನು ಹೇಳಲಿ? ರೊಟ್ಟಿ ತಿನ್ನಿಸಿ ಕೊಂದೆ ಎನ್ನಲೇ?

ಮೇಲಿನಾಕೆ ಅಡುಗೆಮನೆಗೆ ಬಾ ಎಂದು ಕಣ್ಣಲ್ಲೇ ಕರೆದಳು. ಡ್ರಮ್ಮಿನ ಬಟ್ಟೆ ಬಿಚ್ಚಿದಳು. ತಂಬಿಗೆ ಮುಳುಗಿಸಿ ಎತ್ತಿದಾಗ ನೀರಿನ ಮೇಲೆ ಒಂದು ತುಳಸಿ ಎಲೆ ತೇಲಿ ಬಂತು. ಅದನ್ನು ಎರಡು ಬೆರಳಿನಿಂದ ತೆಗೆದು ನನ್ನ ಅಂಗೈಯಲ್ಲಿ ಇಟ್ಟಳು. ಹೊರಗೆ ಹೋಗಿ ಅತ್ತೆಯವರ ಮುಂದೆ ಕೂತಳು.

“ಅಮ್ಮ, ಇದು ಗ್ರಹಣದ್ದಲ್ಲ. ಬೆಳಿಗ್ಗೆ ಸ್ವಲ್ಪ ಮಳೆ ಬಂದಿತ್ತಲ್ಲ? ತಾರಸಿಯಲ್ಲಿ ಪಾತ್ರೆ ಇಟ್ಟಿದ್ದೆ, ಮರೆತೇ ಹೋಗಿತ್ತು ನೋಡಿ. ಹೊಸ ನೀರು. ಕುಡೀರಿ.”

ಅತ್ತೆಯವರು ಆಕೆಯ ಮುಖ ನೋಡಿದರು. ಆಮೇಲೆ ನನ್ನನ್ನು ನೋಡಿದರು. ನಾನು ಅಡುಗೆಮನೆಯ ಬಾಗಿಲಲ್ಲಿ ಮುಷ್ಟಿ ಕಟ್ಟಿಕೊಂಡು ನಿಂತಿದ್ದೆ. ಮುಷ್ಟಿಯೊಳಗೆ ಎಲೆ ಇತ್ತು. ಕೈ ಬಿಚ್ಚಿದ್ದರೆ ಸಾಕಾಗಿತ್ತು. ‘ಜಾಣಿ’ ಎಂಬ ಆ ಮಾತು ಮೇಲಿನ ಮನೆಯಿಂದ ಶಾಶ್ವತವಾಗಿ ಎದ್ದು ಹೋಗುತ್ತಿತ್ತು. ಸುಳ್ಳಿ, ಗ್ರಹಣದ ನೀರು ಕುಡಿಸಿದಾಕೆ ಎಂದಾಗುತ್ತಿತ್ತು. ನನ್ನ ಆಯುಷ್ಯದಲ್ಲಿ ಅಂಥ ಅವಕಾಶ ಮತ್ತೆ ಸಿಗಲಿಲ್ಲ.

ನಾನು ಕೈ ಬಿಚ್ಚಲಿಲ್ಲ. ಅತ್ತೆಯವರು ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಗಟಗಟ ಕುಡಿದರು. ಗಂಟಲು ಏರಿಳಿಯುವುದು ಕಾಣುತ್ತಿತ್ತು. ಸೆರಗಿನಿಂದ ಬಾಯಿ ಒರೆಸಿಕೊಂಡು, ಆಕೆಯ ಗಲ್ಲ ಮುಟ್ಟಿ ಅಂದರು:

“ಜಾಣಿ ನನ್ನವ್ವ, ಜಾಣಿ.”

ನೀರು ಇಳಿದ ಮೇಲೆ ಕೆಳಗಿನ ಮನೆಯ ಕೆಸರನ್ನು ತಗಡಿನಿಂದ ಬಾಚಿ ಬಾಚಿ ಹಾಕಿದೆ. ಗೋಡೆಯ ಮೇಲೆ ಹಳೆಯ ಗೆರೆಯ ಮೇಲ್ಗಡೆ ಹೊಸದೊಂದು ಗೆರೆ ಮೂಡಿತ್ತು. ನಮಗೆ ಅಹಮದಾಬಾದಿಗೆ ವರ್ಗವಾಗುವವರೆಗೂ ನಾನು, ಮೇಲಿನಾಕೆ ಆ ತಂಬಿಗೆಯ ವಿಷಯ ಎತ್ತಲಿಲ್ಲ. ಹೊರಡುವ ದಿನ ಆಕೆ ಹಪ್ಪಳದ ಕಟ್ಟು ಕೊಟ್ಟಳು, ನಾನು ರೊಟ್ಟಿ ಕೊಟ್ಟೆ. ಆಕೆ ಅತ್ತಳು. ನಾನು ಅಳಲಿಲ್ಲ. ಇನ್ನು ಮೇಲೆ ಆ ಹೋಲಿಕೆ ಇರುವುದಿಲ್ಲವಲ್ಲ ಎಂದು ಹಗುರಾಗಿದ್ದೆ.

ಎಲ್ಲಿಯ ಹಗುರ! ಅಹಮದಾಬಾದಿನಲ್ಲಿ ಅತ್ತೆಯವರು ಬಂದವರಿಗೆಲ್ಲ ಆ ‘ಮಳೆ ನೀರಿನ’ ಕಥೆ ಹೇಳುತ್ತಿದ್ದರು. ನಾನು ಬಂದವರಿಗೆ ಚಹಾ ಕೊಡುತ್ತ ಕೇಳಿಸಿಕೊಳ್ಳುತ್ತಿದ್ದೆ.

ಎಂಬತ್ತರ ದಶಕದ ನಡುವೆ ಆ ಊರಿನಲ್ಲಿ ಗಲಭೆಗಳಿಂದಾಗಿ ಕರ್ಫ್ಯೂ ಎಂಬುದು ಹಬ್ಬ ಹರಿದಿನದ ಹಾಗೆ ಬಂದು ಹೋಗುತ್ತಿತ್ತು. ಅಷ್ಟರಲ್ಲಿ ನಾನು ಪಳಗಿದ್ದೆ. ಹಾಲಿನ ಪುಡಿ, ಬೇಳೆ, ಚಿಮಣಿ ಎಣ್ಣೆ, ಗಾಯದ ಪಟ್ಟಿ, ಜ್ವರದ ಗುಳಿಗೆ ಎಲ್ಲ ಕೈಗೆ ಸಿಗುವ ಜಾಗದಲ್ಲಿ. ಬೆಂಕಿಪೊಟ್ಟಣ ಅಕ್ಕಿಯ ಡಬ್ಬಿಯಲ್ಲಿ. ಯಾರಿಂದ ಕಲಿತದ್ದು ಎಂದು ಹೇಳಬೇಕಾಗಿಲ್ಲ. ಒಮ್ಮೆ ಕರ್ಫ್ಯೂ ಜೊತೆಗೆ ಕರೆಂಟೂ ಹೋಗಿ, ಪಂಪು ನಡೆಯದೆ ಕಟ್ಟಡಕ್ಕೆಲ್ಲ ನೀರು ನಿಂತಿತು. ನನ್ನ ಹಂಡೆ ತುಂಬಿತ್ತು. ಎದುರು ಮನೆಯ ಗುಜರಾತಿ ಹೆಂಗಸು ಒಂದು ಕೊಡ ನೀರು ಒಯ್ಯುತ್ತ, ಒಳಗೆ ಮಂಚದ ಮೇಲಿದ್ದ ಅತ್ತೆಯವರಿಗೆ ಕೇಳುವ ಹಾಗೆ, “ಬಾ, ತಮಾರಿ ವಹು ಬಹು ಹೋಶಿಯಾರ್ ಛೇ” ಅಂದಳು. ಅಮ್ಮಾ, ನಿಮ್ಮ ಸೊಸೆ ಬಹಳ ಹುಷಾರು ಎಂದು.

ಆಕೆ ಹೋದ ಮೇಲೆ ನಾನು ಮಂಚದ ಹತ್ತಿರ ಹೋಗಿ ನಿಂತೆ. ಸುಮ್ಮನೆ ಹೊದಿಕೆ ಸರಿಮಾಡಿದೆ.

“ಹೋಶಿಯಾರ್ ಅಂದ್ರ ಜಾಣಿ ಅಲ್ಲೇನು?” ಕೇಳಿದರು ಅತ್ತೆಯವರು.

“ಹೌದ್ರಿ, ಅತ್ಯಾ.”

“ಜಾಣಿ ಅಂದ್ರ ಆ ಸೂರತ್ತಿನಾಕಿ,” ಅಂದರು. “ಅವತ್ತ ಅಕಿ ಕೊಟ್ಟದ್ದು ಮಳಿ ನೀರಲ್ಲ. ಗೊತ್ತದ ನಿನಗ?”

ನಾನು ಹೊದಿಕೆ ಹಿಡಿದುಕೊಂಡೇ ಕೂತುಬಿಟ್ಟೆ.

“ಕಿಡಕ್ಯಾಗ ಕೂತಾಕಿ ನಾನು. ಬಿಸಲು ಮಾರಿ ಮ್ಯಾಲೆ ಹೊಡೀತಿತ್ತು. ಮಳಿ ಎಲ್ಲಿಂದ ಬರ್ತದ? ನೀರು ಬಾಯಿಗೆ ಹಚ್ಚಿದ್ರ ತುಳಸಿ ವಾಸನಿ.”

“ಮತ್ತ ಕುಡದ್ರಿ?”

“ನೀರಡಿಸಿತ್ತು. ಯಾರರೆ ಒಂದು ಸುಳ್ಳು ಹೇಳ್ಲಿ ಅಂತ ಹಾದಿ ಕಾಯ್ತಾ ಕೂತಿದ್ದೆ. ಅಕಿಗೆ ತಿಳೀತು.”

“ನನಗೂ ಗೊತ್ತಿತ್ತು ಅತ್ಯಾ,” ಅಂದೆ. “ತುಳಸಿ ಎಲಿ ನನ್ನ ಕೈಯಾಗ ಇತ್ತು. ನಾ ಬಾಯಿ ಬಿಡಲಿಲ್ಲ.”

“ನಿನ್ನ ಮುಷ್ಟಿ ನೋಡಿದ್ದೆ,” ಅಂದರು. “ಛಲೋ ಮಾಡಿದಿ. ಆದ್ರ ನಾ ನೀರು ಚೆಲ್ಲು ಅಂದೆ, ನೀ ಎಲ್ಲಾ ಚೆಲ್ಲಿದಿ. ಅಕಿ ನನ್ನ ಸೊಸಿ ಆಗಿದ್ರ, ಹೂಂರಿ ಚೆಲ್ಲಿದೆ ಅಂತಂದು ಒಂದು ಕೊಡ ಮುಚ್ಚಿಡ್ತಿದ್ಳು. ನೀ ಹೇಳಿದ್ದು ಕೇಳೂಕಿ.”

ಅವರು ಹೇಳಿದಂತೆ ಕೇಳಿದ್ದಕ್ಕೇ ‘ಜಾಣಿ’ ಎಂಬ ಆ ಮಾತು ನನಗೆ ಸಿಗಲಿಲ್ಲವೇ? ಅಳಬೇಕೋ, ಜಗಳಾಡಬೇಕೋ ತಿಳಿಯಲಿಲ್ಲ.

“ನೀರು ಕೊಡು,” ಅಂದರು.

ಎದ್ದು ಹಂಡೆಯಿಂದ ತಂಬಿಗೆ ತುಂಬಿಕೊಂಡು ಬಂದೆ. ಅವರು ಕೈ ಚಾಚಿದವರು ತಡೆದು ಕೇಳಿದರು: “ಇವತ್ತಿಂದೇನು?”

ಮೊನ್ನೆ ತುಂಬಿಟ್ಟದ್ದು ಅದು. ನಾನು ಅವರ ಮುಖವನ್ನೇ ನೋಡಿ, “ಹೂಂರಿ ಅತ್ಯಾ, ಇವತ್ತಿಂದು. ಈಗ ನಳ ಬಂದಿತ್ತು” ಅಂದೆ.

ಅತ್ತೆಯವರು ನನ್ನನ್ನು ಬಹಳ ಹೊತ್ತು ನೋಡಿದರು. ಬೊಚ್ಚು ಬಾಯಲ್ಲಿ ನಗೆ ಬಂತು.

“ನಿನಗ ಬರೂದಿಲ್ಲ ಬಿಡು,” ಅಂದರು.

ಆಮೇಲೆ ತಂಬಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಒಂದು ಹನಿ ಉಳಿಸದೆ ಕುಡಿದರು.